ಸುಲ್ತಾನಾಳ ಅಡುಗೆಮನೆ ನಮ್ಮ ಮೆಸ್ಸಿಗೆ ಬಂದ ಬಗೆ

ಸೌರ ಒಲೆ ಕೊಂಡವರಲ್ಲಿ ಹಲವರು ಒಂದೆರಡು ವರ್ಷಗಳಲ್ಲಿ ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ. ಶಾಖ ಸಾಲದೆ ಹೀಗಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆ ಒಲೆ ಅಡುಗೆಯವರನ್ನು ಬಿಸಿಲಿಗೆ ಎಳೆಯುತ್ತದೆ, ತೊಂದರೆ ಇರುವುದು ಅಲ್ಲಿ. ಬಂಗಾಳದ ಲೇಖಕಿ ರೊಕಿಯಾ ಸಖಾವತ್ ಹುಸೇನ್ ಅವರು 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಅಡುಗೆಮನೆ ತರಕಾರಿ ತೋಟದ ನಡುವೆ ಇದೆ, ಅಲ್ಲಿ ಹೊಗೆಯಿಲ್ಲ, ಚಿಮಣಿಯಿಲ್ಲ, ಇದ್ದಿಲಿನ ಸುಳಿವೂ ಇಲ್ಲ. ಅಡುಗೆಯವರು ಒಳಗೇ ನಿಂತಿರುತ್ತಾರೆ, ಬಿಸಿಲೇ ಕೊಳವೆಯ ಮೂಲಕ ಅವರ ಬಳಿಗೆ ಬರುತ್ತದೆ. ಚಿತ್ರದುರ್ಗದ ಸಮೀಪ ನಲವತ್ತರಷ್ಟು ವಿದ್ಯಾರ್ಥಿನಿಯರಿಗೆ ಮೆಸ್ ನಡೆಸುವ ನಾನು ಈ ಒಂದು ಅಂಶವನ್ನೇ ಹಿಡಿದು ಒಲೆ ಕಟ್ಟಿಸಿದೆ, ಅದು ಈಗ ಮಧ್ಯಾಹ್ನದ ಅಡುಗೆಯನ್ನು ಪೂರ್ತಿಯಾಗಿ ಹೊತ್ತುಕೊಂಡಿದೆ.

ಅದಕ್ಕೂ ಮೊದಲು ಪೆಟ್ಟಿಗೆ ಒಲೆಯನ್ನು ತಂದಿದ್ದೆ. ಅದರಲ್ಲಿ ಅನ್ನ, ಬೇಳೆ ಹದವಾಗಿ ಬೆಂದರೂ ಸಾಸಿವೆ ಸಿಡಿಯುವಷ್ಟು ಎಣ್ಣೆ ಕಾಯಲಿಲ್ಲವಾದ್ದರಿಂದ ಒಗ್ಗರಣೆಗೆ ಗ್ಯಾಸ್ ಹಚ್ಚಲೇಬೇಕಾಯಿತು. ಅನಂತರ ಬಂದದ್ದು 1.4 ಮೀಟರ್ ಅಗಲದ, ಬೋಗುಣಿ ಆಕಾರದ ಸೌರ ಒಲೆ. ಶಾಖಕ್ಕೆ ಅದರಲ್ಲಿ ಕೊರತೆಯಿರಲಿಲ್ಲ, ಆದರೆ ಕಾಲು ಗಂಟೆಗೊಮ್ಮೆ ಅದನ್ನು ಸೂರ್ಯನತ್ತ ತಿರುಗಿಸಬೇಕಿತ್ತು, ಝಳಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ. “ಅಮ್ಮಾವ್ರೆ, ಈ ಬಿಸಿಲಲ್ಲಿ ನಿಂತು ಮುದ್ದೆ ತಿರುವೋಕೆ ನನ್ ಕೈಲಾಗಲ್ಲ” ಎಂದು ನಮ್ಮ ಅಡುಗೆಯಾಕೆ ಸೌಟು ಕೆಳಗಿಟ್ಟರು, ಆಕೆಯ ಮಾತು ನ್ಯಾಯವಾದದ್ದೇ ಆಗಿತ್ತು. ಈ ಎರಡಕ್ಕೂ ಸೇರಿ ಇಪ್ಪತ್ತು ಸಾವಿರದಷ್ಟು ಹೋಯಿತು.

ಕಥೆಯ ಕೊಳವೆಗೆ ಅತ್ಯಂತ ಹತ್ತಿರವಾದದ್ದು ಜರ್ಮನಿಯ ವುಲ್ಫ್‌ಗಾಂಗ್ ಶೆಫ್ಲರ್ 1980ರ ದಶಕದಲ್ಲಿ ರೂಪಿಸಿದ ಪ್ರತಿಫಲಕ, ಅಂದರೆ ಬಿಸಿಲನ್ನು ಒಂದೆಡೆಗೆ ತಿರುಗಿಸುವ ಕನ್ನಡಿಗಳ ದೊಡ್ಡ ತಟ್ಟೆ. ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ಗಂಟೆಗೆ 15 ಡಿಗ್ರಿ ತಿರುಗುವ ಆ ತಟ್ಟೆಯ ಬೆಳಕು ದಿನವಿಡೀ ಗೋಡೆಯ ಒಂದೇ ಕಿಂಡಿಗೆ ಬೀಳುತ್ತದೆ, ಒಳಗಿನ ಎರಡನೆಯ ಕನ್ನಡಿ ಅದನ್ನು ಪಾತ್ರೆಯ ತಳಕ್ಕೆ ಎತ್ತಿಕೊಡುತ್ತದೆ. ಸುಮಾರು 8 ಚದರ ಮೀಟರಿನ ತಟ್ಟೆಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿಯೇ ಮಾಡಿಸಿದೆ. ಸಾಲ ಕೇಳಿದ ಕಡೆ ಇದು ಆಟಿಕೆ ಎಂದರು, ಬಂಧುಗಳು ದುಡ್ಡು ದಂಡ ಎಂದರು. ಕಥೆಯಲ್ಲಿಯೂ ಹೆಂಗಸರ ವಿಶ್ವವಿದ್ಯಾಲಯ ಬಿಸಿಲಿನ ಶಾಖವನ್ನು ಸಂಗ್ರಹಿಸಿದಾಗ ಗಂಡಸರು ಅದನ್ನು ಭಾವುಕರ ದುಃಸ್ವಪ್ನವೆಂದು ನಕ್ಕಿದ್ದರು. ಆ ಪುಟವನ್ನು ನಾನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ.

ಹೆಚ್ಚು ಹಣ ನುಂಗಿದ್ದು ಕನ್ನಡಿ. ಅಂಗಡಿಯ ಸಾದಾ ಕನ್ನಡಿಯ ತುಂಡುಗಳು ಮೊದಲ ಮಳೆಗಾಲ ಮುಗಿಯುವುದರೊಳಗೆ ಅಂಚಿನಿಂದ ಕಪ್ಪಾಗಿ, ಅರ್ಧಕ್ಕಿಂತ ಹೆಚ್ಚನ್ನು ಕಿತ್ತು ಹೊಸದಾಗಿ ಅಂಟಿಸಬೇಕಾಯಿತು. ಎರಡನೆಯ ಸಲ ಅಂಚಿಗೆ ಏನು ಬಳಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಒಂದು ತುಂಡೂ ಕಪ್ಪಾಗಿಲ್ಲ. ತಟ್ಟೆಯನ್ನು ತಿರುಗಿಸುವ ಗಡಿಯಾರದ ಯಂತ್ರ ನಮ್ಮ ಗುಡ್ಡದ ಗಾಳಿಗೆ ನಿಲ್ಲಲಿಲ್ಲ. ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು, ಒಂದು ಸಣ್ಣ ಸೌರಫಲಕ ಆ ಕೆಲಸವನ್ನು ಇಂದಿಗೂ ನಡೆಸುತ್ತಿವೆ. ಕನ್ನಡಿಗಳನ್ನು ಹೊಂದಿಸುವ ಉಪಾಯವನ್ನು ಮಾತ್ರ ಧಾರಾಳವಾಗಿ ಹೇಳಬಲ್ಲೆ: ಚಂದ್ರ ನಮ್ಮ ಕಣ್ಣಿಗೆ ಸೂರ್ಯನಷ್ಟೇ ಅಗಲವಾಗಿ ಕಾಣುವುದರಿಂದ, ಹಗಲು ರಾತ್ರಿ ಸಮವಾಗಿರುವ ಮಾರ್ಚ್ ತಿಂಗಳ ಹುಣ್ಣಿಮೆಯಲ್ಲಿ ತಟ್ಟೆಯನ್ನು ಅವನತ್ತ ತಿರುಗಿಸಿದರೆ ಬೆಳಕಿನ ಮಚ್ಚೆ ಹಗಲಿನಷ್ಟೇ ಗಾತ್ರದಲ್ಲಿ ಬೀಳುತ್ತದೆ, ಆದರೆ ಕೈ ಸುಡುವುದಿಲ್ಲ. ಒಂದೇ ರಾತ್ರಿಯಲ್ಲಿ ಮುಕ್ಕಾಲು ಪಾಲು ಕನ್ನಡಿಗಳನ್ನು ಹೀಗೆ ಕೂರಿಸಿದೆವು.

ಒಟ್ಟು ಖರ್ಚು ಒಂದೂಕಾಲು ಲಕ್ಷದ ಆಸುಪಾಸು ಇರಬಹುದು. ತಿಂಗಳಿಗೆ ಎರಡೂವರೆಯಷ್ಟು ಬೇಕಾಗುತ್ತಿದ್ದ 19 ಕೆ.ಜಿ.ಯ ಸಿಲಿಂಡರು ಈಗ ಒಂದಕ್ಕೆ ಇಳಿದಿದೆ. ಮೋಡದ ಎರಡು ತಿಂಗಳನ್ನು ಬಿಟ್ಟು ಲೆಕ್ಕ ಹಾಕಿದರೆ ನಾಲ್ಕೂವರೆ ವರ್ಷದಲ್ಲಿ ಹಾಕಿದ ಹಣ ಬರುತ್ತದೆ. ಒಳ್ಳೆಯ ಬಿಸಿಲಿದ್ದರೆ 20 ಲೀಟರ್ ನೀರು ಒಂದು ತಾಸಿನಲ್ಲಿ ಕುದಿಯುತ್ತದೆ, ಸಾಸಿವೆ ಸಿಡಿಯುತ್ತದೆ, ಮುದ್ದೆ ಗಂಟಿಲ್ಲದೆ ಬರುತ್ತದೆ. ರೊಟ್ಟಿ ಮಾತ್ರ ಹೆಂಚಿನ ನಡುವೆ ಸೀದು ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ.

ಕಥೆಯ ವಿಶ್ವವಿದ್ಯಾಲಯ ಶಾಖವನ್ನು ಕೂಡಿಟ್ಟು ಬೇಕಾದಾಗ ಹಂಚುತ್ತಿತ್ತು, ನಾನು ಇನ್ನೂ ಅಲ್ಲಿಗೆ ತಲುಪಿಲ್ಲ. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಬಳಪದ ಕಲ್ಲಿನ ಹಾಸನ್ನು ಕಿಂಡಿಯೆದುರು ಕಾಯಿಸಿ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು ನೋಡಿದೆ. ರಾತ್ರಿ ಎಂಟರವರೆಗೆ ಸಾರು ಬಿಸಿಯಾಗಿಯೇ ಇರುತ್ತದೆ, ನೆನೆಸಿದ ಹೆಸರುಕಾಳು ಬೇಯುತ್ತದೆ, ಕಡಲೆ ಬೇಯುವುದಿಲ್ಲ. ಮರಳು ತುಂಬಿದ ಡಬ್ಬಿಯಲ್ಲಿ ಶಾಖ ಒಳಗೆ ಇಳಿಯುವುದೇ ತಡ, ಅದನ್ನು ಕೈಬಿಟ್ಟೆ. ಮುಂದಿನ ಬೇಸಿಗೆಗೆ ಇದರ ಎರಡರಷ್ಟು ದಪ್ಪದ ಕಲ್ಲನ್ನು ಕಡೆಯಲು ಹೇಳಿದ್ದೇನೆ, ಕಡಲೆ ಅದರಲ್ಲಿ ಬೆಂದೇ ಬೇಯುತ್ತದೆಂಬ ನಂಬಿಕೆ ನನಗಿದೆ.