ಮತ್ತೊಂದು ಸುತ್ತು

'ಕೂದಲೆಳೆ ಅಂತರದಲ್ಲಿ ತಪ್ಪಿದ ಭಾರೀ ಅನಾಹುತ!' ಪತ್ರಿಕೆಯಲ್ಲಿ ಇಂಥ ಶೀರ್ಷಿಕೆ ಕಂಡಾಗ ನಾನು ಸೀದಾ ಎರಡನೇ ಪ್ಯಾರಾಕ್ಕೆ ಹೋಗುತ್ತೇನೆ. ಎಷ್ಟೋ ಸಲ ಅಲ್ಲಿ ಒಂದು ವಾಕ್ಯ ಇರುತ್ತದೆ: 'ಇನ್ನೇನು ನೆಲ ಮುಟ್ಟಬೇಕು ಎನ್ನುವಷ್ಟರಲ್ಲಿ ವಿಮಾನ ಮತ್ತೆ ಮೇಲಕ್ಕೇರಿತು.' ಇಷ್ಟೇ ಆಗಿದ್ದರೆ ಅದು ಅನಾಹುತದ ಸುದ್ದಿಯೇ ಅಲ್ಲ. ಇಳಿಯುವುದು ಸರಿಬರಲಿಲ್ಲ, ಪೈಲಟ್ ಮತ್ತೊಂದು ಸುತ್ತು ಹೋಗಿ ಇಳಿಸಿದರು. ಇದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಈ ಒಂದು ಕೆಲಸ ಕಲಿಯಲು ನನಗೆ ಲೈಸೆನ್ಸ್ ಪಡೆಯುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ನಾನು ಮೈಸೂರಿನವನು, ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮೂವತ್ತೆಂಟನೇ ವಯಸ್ಸಿಗೆ ಇಲ್ಲಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನ ಕಲಿಯಲು ಸೇರಿದೆ. ಮೆಡಿಕಲ್, ಪರೀಕ್ಷೆ, ರೇಡಿಯೊ ಲೈಸೆನ್ಸ್, ಕನಿಷ್ಠ 40 ಗಂಟೆ ಹಾರಾಟ, ಇವೆಲ್ಲ ಎಲ್ಲರಿಗೂ ಇರುವವೇ. ಹೇಳಬೇಕಾದದ್ದು ಒಬ್ಬನೇ ಹಾರುತ್ತಿದ್ದ ಒಂದು ಬೆಳಗಿನ ಸಂಗತಿ.

ಬೆಂಗಳೂರಿನಿಂದ ಎಟಿಆರ್ ಪ್ರಯಾಣಿಕ ವಿಮಾನ ಬರುತ್ತಿತ್ತು. ನೀವು ಬೇಗ ಇಳಿಯಬಹುದೇ ಎಂದು ಟವರ್‌ನವರು ಕೇಳಿದರು. ಆಗುವುದಿಲ್ಲ ಎನ್ನಲು ನಾಚಿಕೆಯಾಗಿ 'ಆಗುತ್ತದೆ' ಎಂದೆ. ಬೇಗ ತಿರುಗಿಸಿದ್ದರಿಂದ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಾದಿಗೆ ಬಂದಾಗ ಎತ್ತರ ಹೆಚ್ಚು, ವೇಗವೂ ಹೆಚ್ಚು. 65 ನಾಟ್ ಇರಬೇಕಾದ ಕಡೆ ಮುಳ್ಳು 80ರಲ್ಲಿತ್ತು. ಮೂಗು ತಗ್ಗಿಸಿದರೆ ವೇಗ ಏರುತ್ತದೆ, ಎತ್ತಿದರೆ ಎತ್ತರ ಉಳಿಯುತ್ತದೆ. ನಾನು ಹಾರಿಸುತ್ತಿದ್ದ ಸೆಸ್ನಾ 172ರಂಥ ಪುಟ್ಟ ವಿಮಾನಕ್ಕೆ ವೇಗ ಹೆಚ್ಚಾದರೆ ನೆಲದ ಮೇಲೆ ಒಂದಾಳೆತ್ತರದಲ್ಲಿ ತೇಲುತ್ತಲೇ ಇರುತ್ತದೆ, ಕೂರಲು ಒಪ್ಪುವುದಿಲ್ಲ. ರನ್‌ವೇ ಅರ್ಧ ಕಳೆದ ಮೇಲೆ ಚಕ್ರ ಮುಟ್ಟಿತು. ಮೈಸೂರಿನ ರನ್‌ವೇ 1,740 ಮೀಟರ್, ನನ್ನ ವಿಮಾನ ನಿಲ್ಲಲು ಅದರ ಕಾಲುಭಾಗವೂ ಬೇಡ. ಆರಾಮಾಗಿ ನಿಂತಿತು.

ಒಳಗೆ ಬಂದಾಗ ನನ್ನ ಇನ್‌ಸ್ಟ್ರಕ್ಟರ್ ಬಯ್ಯಲಿಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕವರು.

'ಗೋ-ಅರೌಂಡ್ ಯಾಕೆ ಮಾಡ್ಲಿಲ್ಲ ಸರ್?'

'ರನ್‌ವೇ ಇತ್ತಲ್ಲ ಮೇಡಂ.'

'ಇತ್ತು. ಅದಕ್ಕೇ ಕೇಳ್ತಿದೀನಿ.'

ಆಮೇಲೆ ಅವರು ಎರಡು ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ಓದಲು ಹೇಳಿದರು. ಒಂದು, 2010ರ ಮೇ 22ರ ಮಂಗಳೂರಿನದು. ಇನ್ನೊಂದು, 2020ರ ಆಗಸ್ಟ್ 7ರ ಕೋಯಿಕ್ಕೋಡ್‌ನದು. ಎರಡೂ ಬೋಯಿಂಗ್ 737, ಎರಡೂ ಗುಡ್ಡದ ನೆತ್ತಿಯ ರನ್‌ವೇ. ಮಂಗಳೂರಿನ ಸುದ್ದಿಯನ್ನು ಅವತ್ತು ಟಿವಿ ಮುಂದೆ ಕೂತು ನೋಡಿದ್ದೆ. 158 ಜನ ಹೋದರು, 8 ಜನ ಉಳಿದರು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಟೇಬಲ್‌ಟಾಪ್ ರನ್‌ವೇ ಎಂಬ ಒಂದೇ ಮಾತು. ವರದಿ ಮೂಲಕಾರಣವೆಂದು ಹೇಳಿದ್ದು ಬೇರೆಯದನ್ನು. ವಿಮಾನ ಎತ್ತರದಲ್ಲಿತ್ತು, ವೇಗದಲ್ಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ಮುಟ್ಟಿತು. ಅದಕ್ಕೂ ಮೊದಲು ಪಕ್ಕದಲ್ಲಿದ್ದ ಸಹಪೈಲಟ್ ಮೂರು ಸಲ ಗೋ-ಅರೌಂಡ್ ಎಂದು ಕರೆದಿದ್ದರು. ಕೋಯಿಕ್ಕೋಡ್‌ನಲ್ಲಿ ಮಳೆ, ಹಿಂಗಾಳಿ. 8,858 ಅಡಿಯ ರನ್‌ವೇಯಲ್ಲಿ 4,438 ಅಡಿಗೆ ಚಕ್ರ ಮುಟ್ಟಿತು. ಅಲ್ಲಿಯೂ ಪಕ್ಕದವರು ಗೋ-ಅರೌಂಡ್ ಎಂದಿದ್ದರು.

ಆ ಸಾಲುಗಳನ್ನು ಓದುವಾಗ ನನ್ನ ಕೈ ತಣ್ಣಗಾಗಿತ್ತು. ಅವರಿಗೆ ಹೇಳಲು ಪಕ್ಕದಲ್ಲಿ ಒಬ್ಬರಿದ್ದರು. ನನ್ನ ಪಕ್ಕದ ಸೀಟು ಖಾಲಿ.

ಅವತ್ತಿನಿಂದ ನಾನು ವಿಮಾನದ ಸುದ್ದಿ ಓದುವ ರೀತಿಯೇ ಬದಲಾಯಿತು. ಅಪಘಾತವಾದ ದಿನ ಪುಸ್ತಕದಲ್ಲಿ ಜಾಗ, ಹೊತ್ತು, ಹವೆ, ವಿಮಾನದ ಮಾದರಿ ಇಷ್ಟನ್ನೇ ಬರೆದಿಡುತ್ತೇನೆ. 'ಕಾರಣ' ಎಂಬ ಜಾಗ ಖಾಲಿ ಇರುತ್ತದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬೋಯಿಂಗ್ 787 ಬಿದ್ದಾಗ ಪ್ರೆಸ್ಸಿಗೆ ಬಂದವರೆಲ್ಲ ನನ್ನನ್ನೇ ಕೇಳಿದರು, ಹಕ್ಕಿ ಬಡಿಯಿತಾ, ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಫ್ಲ್ಯಾಪ್ ಸರಿ ಇರಲಿಲ್ಲವಾ ಎಂದು. ವರದಿ ಬರಲಿ ಎಂದೆ. ಒಂದು ತಿಂಗಳಿಗೆ ಬಂದ 15 ಪುಟಗಳ ಪ್ರಾಥಮಿಕ ವರದಿಯಲ್ಲಿ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎರಡೂ ಇಂಜಿನ್‌ಗಳ ಇಂಧನದ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಕಟ್‌ಆಫ್‌ಗೆ, ಅಂದರೆ ಇಂಧನ ನಿಲ್ಲಿಸುವ ಸ್ಥಾನಕ್ಕೆ ಹೋದವೆಂದಿತ್ತು. ಯಾಕೆ ಹೋದವು ಎಂಬುದು ಅದರಲ್ಲಿರಲಿಲ್ಲ. ನನ್ನ ಪುಸ್ತಕದಲ್ಲೂ ಆ ಜಾಗ ಖಾಲಿ ಬಿಟ್ಟೆ. ತನಿಖೆ ನಡೆಯುವುದು ಇನ್ನೊಂದು ಅಪಘಾತ ತಡೆಯಲೆಂದು, ಯಾರ ಮೇಲೋ ತಪ್ಪು ಹೊರಿಸಲಿಕ್ಕಲ್ಲ. ಸತ್ತವರ ಮನೆಯವರೂ ಸುದ್ದಿ ನೋಡುತ್ತಿರುತ್ತಾರೆ ಎಂಬುದನ್ನು ಊಹೆ ಹರಡುವವರು ಮರೆಯಬಾರದು.

ಖಾಲಿ ಸೀಟಿಗೆ ನಾನು ಕಂಡುಕೊಂಡ ಉಪಾಯ ಇದು. ಫೈನಲ್‌ನಲ್ಲಿ ನೆಲದಿಂದ 300 ಅಡಿಗೆ ಬಂದಾಗ ಬಾಯಿಬಿಟ್ಟು, ಗಟ್ಟಿಯಾಗಿ, ಕನ್ನಡದಲ್ಲೇ ಹೇಳುತ್ತೇನೆ: 'ವೇಗ. ನೇರ. ಫ್ಲ್ಯಾಪ್.' ಮೂರೂ ಸರಿ ಇದ್ದರೆ 'ಇಳಿ'. ಒಂದು ತಪ್ಪಿದ್ದರೂ 'ಬೇಡ'. 'ಬೇಡ' ಎಂದು ನನ್ನ ಕಿವಿಗೆ ಬಿದ್ದ ಮೇಲೆ ವಾದವಿಲ್ಲ. ಮನಸ್ಸಿನಲ್ಲೇ ಅಂದುಕೊಂಡರೆ ಸಾಲದು, ಮನಸ್ಸು ಅಲ್ಲೇ ಚೌಕಾಸಿ ಶುರುಮಾಡುತ್ತದೆ.

ಆಮೇಲೆ ಕೈಕೆಲಸ. ಥ್ರಾಟಲ್ ಪೂರ್ತಿ ಒಳಕ್ಕೆ, ಇಂಜಿನ್‌ಗೆ ಪೂರ್ತಿ ಬಲ. ಇಳಿಯುವ ವೇಗಕ್ಕೆ ಮೂಗು ತಾನಾಗಿ ನಿಲ್ಲುವಂತೆ ಟ್ರಿಮ್ ಮಾಡಿಟ್ಟಿರುತ್ತೇವಾದ್ದರಿಂದ ಮೂಗು ತಟ್ಟನೆ ಮೇಲೇಳುತ್ತದೆ. ಎಡಗೈಯಲ್ಲಿ ಹಿಡಿಕೆಯನ್ನು ಬಲವಾಗಿ ಮುಂದಕ್ಕೆ ಒತ್ತಿ ಹಿಡಿಯಬೇಕು, ಬಲಗಾಲು ಮೂಗನ್ನು ನೇರ ಇಡುವ ರಡರ್ ಪೆಡಲ್ ಮೇಲೆ. ಫ್ಲ್ಯಾಪನ್ನು ಮೊದಲು 20 ಡಿಗ್ರಿಗೆ ತರಬೇಕು. ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ. ರೇಡಿಯೊ ಕೊನೆಗೆ, ವಿಮಾನ ಏರತೊಡಗಿದ ಮೇಲೆ. ಇದನ್ನು ಇನ್‌ಸ್ಟ್ರಕ್ಟರ್ ಜೊತೆ ಬೆಳಗ್ಗೆ ಬೆಳಗ್ಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಇಳಿಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಇಳಿಯದಿರುವುದನ್ನೂ ಕಲಿತೆ.

ಲೈಸೆನ್ಸ್ ಬಂದ ಮೇಲೆ ಮೊದಲು ಕರೆದುಕೊಂಡು ಹೋದದ್ದು ಭಾವನನ್ನು. ನಂಜನಗೂಡಿನವರು, ದೇವಸ್ಥಾನದ ಗೋಪುರವನ್ನು ಮೇಲಿನಿಂದ ನೋಡಬೇಕೆಂದು ಅವರ ಆಸೆ. ಕಪಿಲೆ ಬಳಸಿ ಹರಿಯುವುದನ್ನು, ಗೋಪುರವನ್ನು ಕಂಡು ಕೈಮುಗಿದರು. ವಾಪಸು ಬರುವ ಹೊತ್ತಿಗೆ ಬಿಸಿಲೇರಿ ಗಾಳಿ ಕುಲುಕುತ್ತಿತ್ತು. 300 ಅಡಿಯಲ್ಲಿ ನೋಡಿದರೆ ವೇಗ 76, ಮೂಗು ರನ್‌ವೇ ನಡುಗೆರೆಯಿಂದ ಎಡಕ್ಕೆ. ಸರಿಮಾಡಬಹುದು ಎಂದು ಮನಸ್ಸು ಹೇಳಿತು. ಭಾವ ನೋಡುತ್ತಿದ್ದಾರೆ ಎಂದೂ ಹೇಳಿತು. ಬಾಯಿ ಮಾತ್ರ ಅಭ್ಯಾಸದಂತೆ 'ಬೇಡ' ಎಂದಿತು.

ಮೇಲೆ ಹೋದೆವು. ಎದುರಿಗೆ ಬರಿ ಆಕಾಶ. ಭಾವ ಸೀಟಿನ ಅಂಚು ಹಿಡಿದುಕೊಂಡಿದ್ದರು.

'ಯಾಕಪ್ಪಾ, ಇಳಿಯಕ್ಕೆ ಬಿಡ್ಲಿಲ್ವಾ ಅವ್ರು?'

'ನಾನೇ ಬೇಡ ಅಂದೆ ಭಾವ. ಸರಿ ಬರ್ಲಿಲ್ಲ.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ನಿಧಾನಕ್ಕೆ ಬಾ' ಎಂದರು. ಎರಡನೇ ಸುತ್ತಿನಲ್ಲಿ 300 ಅಡಿಗೆ ಬಂದಾಗ ನಾನು 'ವೇಗ, ನೇರ, ಫ್ಲ್ಯಾಪ್' ಎಂದೆ. 'ಇಳಿ' ಎನ್ನುವ ಮೊದಲೇ ಪಕ್ಕದ ಸೀಟಿನಿಂದ ದನಿ ಬಂತು: 'ಸರಿ ಇದ್ಯಾ?'

'ಸರಿ ಇದೆ ಭಾವ' ಎಂದೆ. ಇಳಿದೆವು.