ಕುದುರೆ ತಲೆಯ ಧೂಳು ಉಳಿಸಿಕೊಂಡದ್ದು ಹೀಗೆ

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಪಕ್ಕದಲ್ಲಿರುವ ಕುದುರೆ ತಲೆ ನೆಬ್ಯುಲಾ, ಅಂದರೆ ಬಾರ್ನಾರ್ಡ್ 33, ಎಡಿಟ್ ಮಾಡುವಾಗ ಕೈ ಸ್ವಲ್ಪ ಜೋರಾದರೆ ಬರೀ ಕಪ್ಪು ಅಚ್ಚಾಗಿಬಿಡುತ್ತದೆ. ಅದು ಖಾಲಿ ಜಾಗ ಅಲ್ಲ, ದಟ್ಟ ಧೂಳು. ಹಿಂದೆ ಹೈಡ್ರೋಜನ್ ಕೆಂಪಗೆ ಹೊಳೆಯುವುದರಿಂದ ಆ ಆಕಾರ ಎದ್ದು ಕಾಣುತ್ತದೆ ಅಷ್ಟೆ. ಧೂಳಿನ ಒಳಗೂ ತೆಳು ಕಂದು ಪದರಗಳಿವೆ, ನನಗೆ ಬೇಕಿದ್ದದ್ದು ಅವೇ.

ನಾನು ಫೋಟೋ ತೆಗೆಯುವುದು ಚಿಕ್ಕಬಳ್ಳಾಪುರದ ಕಡೆ. ಬೆಂಗಳೂರು ದಕ್ಷಿಣಕ್ಕಿದೆ, ಮಹಾವ್ಯಾಧನೂ ಎಷ್ಟೇ ಮೇಲೇರಿದರೂ ನೆತ್ತಿಯಿಂದ ತುಸು ದಕ್ಷಿಣಕ್ಕೇ ಇರುತ್ತಾನೆ, ಹಾಗಾಗಿ ಸ್ಟ್ಯಾಕ್ ಆದ, ಅಂದರೆ ಹಲವು ಫ್ರೇಮ್ ಸೇರಿಸಿ ಒಂದು ಮಾಡಿದ, ಚಿತ್ರದ ಒಂದು ಬದಿಯಲ್ಲಿ ಊರಿನ ಬೆಳಕು ಮಬ್ಬಾಗಿ ಹರಡಿಕೊಂಡಿರುತ್ತದೆ. ಅದನ್ನು ಮುಚ್ಚಲು ಬ್ಲ್ಯಾಕ್ ಪಾಯಿಂಟ್ (ಇದಕ್ಕಿಂತ ಮಂಕಾದದ್ದೆಲ್ಲ ಪೂರ್ತಿ ಕಪ್ಪು ಅನ್ನುವ ಗಡಿ) ಎಳೆಯುವ ಆಸೆ ಆಗುತ್ತೆ ಅಲ್ವಾ? ಎಳೆದರೆ ಧೂಳೂ ಜೊತೆಗೇ ಹೋಗುತ್ತದೆ. ಸೊನ್ನೆಗೆ ಬಿದ್ದ ಪಿಕ್ಸೆಲ್‌ಗಳೆಲ್ಲ ಒಂದೇ, ಆಮೇಲೆ ಶ್ಯಾಡೋ ಎಷ್ಟು ಎತ್ತಿದರೂ ವ್ಯತ್ಯಾಸ ವಾಪಸ್ ಬರುವುದಿಲ್ಲ.

ಅದಕ್ಕೇ ಸ್ಟ್ರೆಚ್‌ಗೆ (ಮಂಕಾದದ್ದನ್ನು ಎತ್ತಿ ಕಾಣಿಸುವುದಕ್ಕೆ) ಮೊದಲೇ, ಚಿತ್ರ ಇನ್ನೂ ಲೀನಿಯರ್ ಆಗಿರುವಾಗ, ಅಂದರೆ ಕ್ಯಾಮೆರಾ ಹಿಡಿದ ಬೆಳಕಿನ ಪ್ರಮಾಣದಲ್ಲೇ ಇರುವಾಗ, ಸಿರಿಲ್ ಅನ್ನುವ ಖಗೋಳ ಫೋಟೋ ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ (ಹಿನ್ನೆಲೆಯ ಬೆಳಕನ್ನು ಅಂದಾಜು ಮಾಡಿ ಕಳೆಯುವುದು) ಮುಗಿಸುತ್ತೇನೆ. ಹಿನ್ನೆಲೆ ಅಳೆಯುವ ಸ್ಯಾಂಪಲ್ ಚೌಕಗಳನ್ನು ಅದೇ ಇಟ್ಟುಕೊಡುತ್ತದೆ, ಆದರೆ ಅದನ್ನು ನಂಬಿ ಕೂರಬಾರದು. ಕುದುರೆಯ ಮೇಲೆ, ಅದರ ಹಿಂದಿನ ಹೈಡ್ರೋಜನ್, ಅಂದರೆ ಐಸಿ 434ರ ಕೆಂಪಿನ ಮೇಲೆ, ಪಕ್ಕದ ಫ್ಲೇಮ್ ನೆಬ್ಯುಲಾದ ಮೇಲೆ ಕೂತ ಚೌಕಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತೇನೆ, ಇಲ್ಲದಿದ್ದರೆ ನೆಬ್ಯುಲಾವನ್ನೇ ಊರಿನ ಬೆಳಕು ಅಂದುಕೊಂಡು ಕಳೆದುಬಿಡುತ್ತದೆ. ಉಳಿಯುವ ಚೌಕಗಳು ಕಡಿಮೆ, ಪರವಾಗಿಲ್ಲ. ಪಾಲಿನಾಮಿಯಲ್ ಡಿಗ್ರಿ 1 (ಹಿನ್ನೆಲೆಯನ್ನು ಒಂದು ನೇರ ಇಳಿಜಾರು ಅಂತ ಎಣಿಸುವುದು) ಇಟ್ಟರೆ ಸಾಮಾನ್ಯವಾಗಿ ಸಾಕು. ಜಾಸ್ತಿ ಮಾಡಿದರೆ ಧೂಳಿನ ಏರಿಳಿತವನ್ನೂ ಸಪಾಟು ಮಾಡುತ್ತದೆ.

ಇನ್ನು ಸ್ಟ್ರೆಚ್. ಒಂದೇ ಏಟಿಗೆ ಮಾಡುವುದಿಲ್ಲ. ಮೊದಲು ಬಣ್ಣ ಉಳಿಯಲಿ ಅಂತ ಆಸಿನ್ಹ್ ಅನ್ನುವ ಬಗೆಯ ಸ್ಟ್ರೆಚ್ ಸ್ವಲ್ಪ, ಆಮೇಲೆ ಹಿಸ್ಟೋಗ್ರಾಂನಲ್ಲಿ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅಂತ ತೋರಿಸುವ ನಕ್ಷೆ) ಮಿಡ್‌ಟೋನ್, ಅಂದರೆ ನಡು ಹೊಳಪು, ಚೂರು ಚೂರೇ. ಬ್ಲ್ಯಾಕ್ ಪಾಯಿಂಟ್ ಸರಿಸುವಾಗ ಎಷ್ಟು ಶೇಕಡಾ ಪಿಕ್ಸೆಲ್ ಕಳೆದುಹೋಗುತ್ತಿದೆ ಅಂತ ಸಿರಿಲ್ ಪಕ್ಕದಲ್ಲೇ ತೋರಿಸುತ್ತದೆ. ಆ ಅಂಕಿ ಸೊನ್ನೆ ಬಿಟ್ಟು ಮೇಲೆದ್ದರೆ ಅಲ್ಲೇ ನಿಲ್ಲಿಸಿ ಹಿಂದೆ ಬರುತ್ತೇನೆ. ಹಿಸ್ಟೋಗ್ರಾಂ ಗುಡ್ಡದ ಎಡಕ್ಕೆ ಒಂದಿಷ್ಟು ಖಾಲಿ ಇರಲೇಬೇಕು. ಕೊನೆಗೆ ಆಕಾಶದ ಹಿನ್ನೆಲೆ 255ರಲ್ಲಿ (0 ಕಪ್ಪು, 255 ಬಿಳಿ) 25-30ರ ಆಸುಪಾಸು ಇದ್ದರೆ ನನಗೆ ಸಮಾಧಾನ.

ಹೀಗೆ ಎತ್ತಿದಾಗ ಧೂಳಿನ ಜೊತೆ ನಾಯ್ಸ್ (ಚಿತ್ರದ ಕಾಳುಕಾಳು ಕಲೆ) ಕೂಡ ಎದ್ದು ಬರುತ್ತದೆ. ಡಿನಾಯ್ಸ್ ಜೋರು ಮಾಡಿದರೆ ಕುದುರೆಗೆ ಮೇಣ ಬಳಿದ ಹಾಗಾಗುತ್ತದೆ, ಹಾಗಾಗಿ ಅರ್ಧಕ್ಕಿಂತ ಕಡಿಮೆ ಇಡುತ್ತೇನೆ. ನಿಜವಾದ ಮದ್ದು ಇನ್ನಷ್ಟು ಫ್ರೇಮ್ ಸೇರಿಸುವುದೇ. ನಾಲ್ಕು ಪಟ್ಟು ಹೊತ್ತು ತೆಗೆದರೆ ಸಿಗ್ನಲ್‌ಗೆ ಹೋಲಿಸಿದಾಗ ನಾಯ್ಸ್ ಸುಮಾರು ಅರ್ಧಕ್ಕಿಳಿಯುತ್ತದೆ, ಇದಕ್ಕೆ ಅಡ್ಡದಾರಿ ಇಲ್ಲ.

ಕೆಲಸ ಪೂರ್ತಿ 32 ಬಿಟ್‌ನಲ್ಲೇ, ಜೆಪೆಗ್ ಕಟ್ಟಕಡೆಗೆ. ಫೋನಲ್ಲಿ ನೋಡಿದವರು "ಇನ್ನೊಂಚೂರು ಕಾಂಟ್ರಾಸ್ಟ್ ಕೊಡಿ ಸಾರ್" ಅಂತಾರೆ. ಕೊಡುವುದಿಲ್ಲ.