ಯಾರೋ, ಯಾರಾದರೂ, ಯಾರೂ: ಇಂಗ್ಲಿಷಿಗೆ ದಾಟುವಾಗ

ಇಂಗ್ಲಿಷಿನ ಅನಿರ್ದಿಷ್ಟ ಸರ್ವನಾಮಗಳನ್ನು (ಇಂಥವರೇ, ಇಂಥದ್ದೇ ಎಂದು ಬೊಟ್ಟು ಮಾಡದ ಸಮ್‌ಬಡಿ, ಎನಿಬಡಿಯಂಥ ಪದಗಳನ್ನು) ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ನಾನು ಬಿಟ್ಟಿದ್ದೇನೆ. ಕನ್ನಡ ಪದದ ಬಾಲ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. 'ಯಾರೋ' ಸಮ್‌ಬಡಿ, 'ಯಾರಾದರೂ' ಸಾಮಾನ್ಯವಾಗಿ ಎನಿಬಡಿ. 'ಏನೋ', 'ಏನಾದರೂ' ಕೂಡ ಇದೇ ದಾರಿ. ಉಪಚಾರದ ಮಾತಿನಲ್ಲಿ ಮಾತ್ರ ಇದು ಕೈಕೊಡುತ್ತದೆ: 'ಏನಾದರೂ ಕುಡೀತೀರಾ?' ಎನ್ನಲು 'ವುಡ್ ಯೂ ಲೈಕ್ ಸಮ್‌ಥಿಂಗ್ ಟು ಡ್ರಿಂಕ್?' ಎಂದೇ ಕೇಳುವುದು ಚೆನ್ನ. ಹೌದು ಎನ್ನಲಿ ಎಂಬ ಆಸೆ ಆ 'ಸಮ್'ನಲ್ಲಿದೆ.

ನಿಜವಾದ ತೊಡಕು 'ಯಾರೂ'. 'ಯಾರೂ ಬರಲಿಲ್ಲ' ಎಂಬುದು 'ಎನಿಬಡಿ ಡಿಡ್ ನಾಟ್ ಕಮ್' ಆಗಿಬಿಡುತ್ತದೆ, ಇಲ್ಲವೇ 'ನೋಬಡಿ ಡಿಡ್ ನಾಟ್ ಕಮ್'. ಎರಡೂ ತಪ್ಪು. ನಮ್ಮ 'ಇಲ್ಲ' ವಾಕ್ಯದ ಕೊನೆಯಲ್ಲಿ ಕುಳಿತೇ ಹಿಂದಿನ 'ಯಾರೂ'ವನ್ನು ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನ 'ಎನಿ' ಹಾಗಲ್ಲ, 'ನಾಟ್' ಅದಕ್ಕಿಂತ ಮೊದಲೇ ಬಂದಿರಬೇಕು. ಆದ್ದರಿಂದ 'ಐ ಡಿಡ್ ನಾಟ್ ಸೀ ಎನಿಬಡಿ' ಸರಿ. 'ಎನಿಬಡಿ'ಯೇ ಕರ್ತೃಪದವಾಗಿ ವಾಕ್ಯದ ಮೊದಲಿಗಿದ್ದಾಗ ಅದಕ್ಕೂ ಮೊದಲು 'ನಾಟ್' ಇಡಲು ಜಾಗವಿಲ್ಲ. ಆಗ 'ನೋಬಡಿ ಕೇಮ್' ಎನ್ನಬೇಕು. ನೋಬಡಿಯ ಹೊಟ್ಟೆಯಲ್ಲೇ 'ಇಲ್ಲ' ಇದೆ. ಮತ್ತೊಂದು 'ನಾಟ್' ಸೇರಿಸಿದರೆ ಬಾರದವರು ಯಾರೂ ಇಲ್ಲ, ಅಂದರೆ ಎಲ್ಲರೂ ಬಂದರು ಎಂದಾಗುತ್ತದೆ!

'ಎಲ್ಲರೂ ಬಂದಿಲ್ಲ, ಕೆಲವರು ಬಂದಿದ್ದಾರೆ' ಎನ್ನುವಾಗಲೂ 'ನಾಟ್' ಮುಂದಕ್ಕೆ: 'ನಾಟ್ ಎವ್ರಿಒನ್ ಹ್ಯಾಸ್ ಕಮ್'.

ಇಲ್ಲಿ 'ಹ್ಯಾಸ್' ಏಕೆ? 'ಬಂದಿದ್ದಾರೆ' ಬಹುವಚನವಾದ್ದರಿಂದ ಕೈ ತಾನಾಗಿ 'ಹ್ಯಾವ್' ಬರೆಯುತ್ತದೆ. ಒನ್, ಬಡಿ, ಥಿಂಗ್ ಎಂದು ಮುಗಿಯುವ ಸರ್ವನಾಮಗಳಿಗೆಲ್ಲ ಏಕವಚನದ ಕ್ರಿಯಾಪದ. ಮುಂದೆ ಬಹುವಚನದ 'ದೇರ್' (ಅವರ) ಬಂದರೆ ಗಾಬರಿ ಬೇಡ. 'ಎವ್ರಿಒನ್ ಹ್ಯಾಸ್ ಬ್ರಾಟ್ ದೇರ್ ಬುಕ್' ಇಂದು ಒಪ್ಪಿತ ಬಳಕೆ.

'ಈಚ್ ಆಫ್ ದ ಬಾಯ್ಸ್' ಬಂದಾಗ 'ಆಫ್ ದ ಬಾಯ್ಸ್' ಅನ್ನು ಬೆರಳಿನಿಂದ ಮುಚ್ಚಿ ಓದಿಸುತ್ತೇನೆ. ಉಳಿಯುವುದು 'ಈಚ್', ಅದಕ್ಕೆ 'ಹ್ಯಾಸ್'. ಆದರೆ ಆಲ್, ಸಮ್, ಮೋಸ್ಟ್ ಎದುರಾದರೆ ಬೆರಳು ತೆಗೆಯಬೇಕು, ಏಕೆಂದರೆ ಅಲ್ಲಿ ತೀರ್ಮಾನ ಮುಚ್ಚಿದ ನಾಮಪದದ್ದೇ: 'ಸಮ್ ಆಫ್ ದ ರೈಸ್ ಈಸ್', 'ಸಮ್ ಆಫ್ ದ ಬಾಯ್ಸ್ ಆರ್'. ಬೋತ್, ಮೆನಿ, ಸೆವೆರಲ್ ಯಾವಾಗಲೂ ಬಹುವಚನ.

'ಫ್ಯೂ' ಕೂಡ ಬಹುವಚನವೇ. ಅದರ ಮುಂದಿನ 'ಎ' ಮಾತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ: 'ಎ ಫ್ಯೂ ಕೇಮ್' ಎಂದರೆ ಕೆಲವರು ಬಂದರು, 'ಫ್ಯೂ ಕೇಮ್' ಎಂದರೆ ಬಂದವರೇ ಕಡಿಮೆ.